ಸಾರ್ವಜನಿಕ ಸುರಕ್ಷತೆ: ಬೀದರ ಜಿಲ್ಲೆಯ ಇತಿಹಾಸದಲ್ಲಿ ಒಂದು ರಾಜಕೀಯ ಪದ (೧೯೩೮–೧೯೫೨)

೧

ರಾಜ್ಯವು ತನ್ನ ಪ್ರಜೆಯೊಬ್ಬನನ್ನು ಸೆರೆಮನೆಯಲ್ಲಿಡುವುದಕ್ಕೆ ಎರಡು ಬಗೆಯ ಕಾರಣಗಳನ್ನು ಮುಂದಿಡಬಲ್ಲದು. ಆತನು ಇಂಥ ಅಪರಾಧವನ್ನು ಎಸಗಿದ್ದಾನೆ, ಅದು ಸಾಕ್ಷ್ಯದಿಂದ ಸಿದ್ಧವಾಗಿದೆ ಎಂಬುದು ಮೊದಲನೆಯದು. ಆತನನ್ನು ಹೊರಗೆ ಬಿಟ್ಟರೆ ಜನರಿಗೆ ಅಪಾಯವುಂಟು ಎಂಬುದು ಎರಡನೆಯದು. ಮೊದಲನೆಯ ಕಾರಣವನ್ನು ನ್ಯಾಯಾಲಯವು ಪರೀಕ್ಷಿಸಿ ನೋಡಬಹುದು. ಎರಡನೆಯದಾದರೋ ಬಹುಮಟ್ಟಿಗೆ ಅಧಿಕಾರಿಯ ಮನಸ್ಸಿನಲ್ಲಿರುವ ಊಹೆ. ಅದಕ್ಕೆ ಸಾಕ್ಷಿಯನ್ನು ಕೇಳುವುದು ಕಷ್ಟ, ಉತ್ತರ ಕೊಡುವುದು ಇನ್ನೂ ಕಷ್ಟ. 'ಸಾರ್ವಜನಿಕ ಸುರಕ್ಷತೆ' ಎಂಬ ಮಾತು ಬಹುಕಾಲದಿಂದ ಈ ಎರಡನೆಯ ಕಾರಣಕ್ಕೆ ಹೊದಿಸಿದ ಗೌರವದ ಹೊದಿಕೆಯಾಗಿದೆ.

ಜನರಿಗೆ ಸುರಕ್ಷತೆ ಬೇಡವೆಂದು ಯಾರೂ ಹೇಳಲಾರರು. ಆದುದರಿಂದಲೇ ಈ ಪದವು ರಾಜಕೀಯ ಪಕ್ಷಗಳಿಗೆ ಪ್ರಿಯವಾದುದು. ಆದರೆ ಯಾರ ಸುರಕ್ಷತೆ, ಯಾರಿಂದ ಅಪಾಯ, ಅದನ್ನು ನಿರ್ಣಯಿಸುವವರು ಯಾರು ಎಂಬ ಪ್ರಶ್ನೆಗಳನ್ನು ಕೇಳಿದೊಡನೆ ಪಕ್ಷಗಳ ದಾರಿಗಳು ಕವಲೊಡೆಯುತ್ತವೆ. ನಮ್ಮ ಬೀದರ ಜಿಲ್ಲೆಯು ೧೯೩೮ರಿಂದ ೧೯೫೨ರವರೆಗಿನ ಹದಿನಾಲ್ಕು ವರ್ಷಗಳಲ್ಲಿ ಈ ಪದವು ಕೈಯಿಂದ ಕೈಗೆ ಸಾಗಿದುದನ್ನು ಕಂಡಿತು. ನಿಜಾಮನ ಸರಕಾರ, ಇತ್ತೆಹಾದ ಪಕ್ಷ, ಭಾರತದ ಸೈನ್ಯಾಡಳಿತ, ಚುನಾಯಿತ ಕಾಂಗ್ರೆಸ್ ಸರಕಾರ, ಇವೆಲ್ಲವೂ ಒಂದೇ ಪದವನ್ನು ಬಳಸಿದವು. ಸೆರೆಯಾಳುಗಳು ಮಾತ್ರ ಬದಲಾದರು. ಈ ಸಾಗಾಟವನ್ನು ಕ್ರಮವಾಗಿ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ವಿಷಯವನ್ನು ಆರಿಸಿಕೊಳ್ಳುವುದಕ್ಕೆ ತರಗತಿಯ ಅನುಭವವೂ ಒಂದು ಕಾರಣ. ಹೈದರಾಬಾದ ಸಂಸ್ಥಾನದ ವಿಲೀನವನ್ನು ಪಾಠ ಮಾಡುವಾಗಲೆಲ್ಲ ನಮಗೆ ಎರಡು ಬಗೆಯ ಮೌನ ಎದುರಾಗುತ್ತದೆ. ಭಾಲ್ಕಿ, ಔರಾದ ಕಡೆಯ ಹಳ್ಳಿಗಳ ಕೆಲವು ವಿದ್ಯಾರ್ಥಿಗಳು ಮುತ್ತಜ್ಜಿಯ ಬಾಯಿಂದ ಬಂದ 'ರಜಾಕಾರರ ಹಾವಳಿ'ಯ ಕಥೆಯನ್ನು ಹೇಳುತ್ತಾರೆ. ಆಗ ಬೀದರ ನಗರದ ಕೆಲವರು ತಲೆ ತಗ್ಗಿಸುತ್ತಾರೆ. 'ಪೊಲೀಸ್ ಆ್ಯಕ್ಷನ್' ಆದ ಮೇಲೆ ಮನೆಗೆ ಮರಳದ ಹಿರಿಯನೊಬ್ಬನ ಕಥೆಯನ್ನು ಇವರು ಹೇಳಲು ತೊಡಗಿದರೆ ಅವರು ಕಿಟಕಿಯ ಕಡೆ ನೋಡುತ್ತಾರೆ. ಎರಡು ಕಥೆಗಳೂ ಒಂದೇ ವರ್ಷದವು. ಎರಡನ್ನೂ ಒಂದೇ ಪಾಠದಲ್ಲಿ ಹೇಳುವುದು ಇತಿಹಾಸದ ಅಧ್ಯಾಪಕನ ಕರ್ತವ್ಯವೆಂದು ನಾವು ತಿಳಿದಿದ್ದೇವೆ.

೨

ಆಗಿನ ಬೀದರ ಜಿಲ್ಲೆಯು ಇಂದಿನದಕ್ಕಿಂತ ವಿಸ್ತಾರವಾಗಿತ್ತು. ಉದಗೀರ, ಅಹಮದಪುರ, ನಿಲಂಗಾ ತಾಲೂಕುಗಳೂ ನಾರಾಯಣಖೇಡ, ಜಹೀರಾಬಾದ ಭಾಗಗಳೂ ಅದರಲ್ಲಿ ಸೇರಿದ್ದವು. ಕನ್ನಡ, ಮರಾಠಿ, ತೆಲುಗು, ಉರ್ದು ಎಂಬ ನಾಲ್ಕು ಭಾಷೆಗಳ ಜನರು ಇಲ್ಲಿ ಕೂಡಿ ಬಾಳುತ್ತಿದ್ದರು. ಕಚೇರಿ, ನ್ಯಾಯಾಲಯ, ಪೊಲೀಸ್ ಠಾಣೆಗಳ ಭಾಷೆ ಉರ್ದು. ಹೀಗಾಗಿ ತನ್ನ ಮೇಲಿನ ಆಪಾದನೆಯ ಕಾಗದವನ್ನು ತಾನೇ ಓದಿಕೊಳ್ಳಲಾರದ ಸ್ಥಿತಿ ಹಳ್ಳಿಗನದಾಗಿತ್ತು.

ಸಂಸ್ಥಾನದಲ್ಲಿ ೧೯೨೦ರ ದಶಕದಿಂದಲೇ ಸಾರ್ವಜನಿಕ ಸಭೆಗಳಿಗೆ ಸರಕಾರದ ಪೂರ್ವಾನುಮತಿ ಬೇಕಾಗಿತ್ತು. 'ಗಸ್ತಿ ನಿಶಾನ್ ೫೩' ಎಂಬ ಸುತ್ತೋಲೆಯು ಈ ನಿರ್ಬಂಧಕ್ಕೆ ಜನರ ಬಾಯಲ್ಲಿ ಹೆಸರಾಯಿತು. ಇಂಥ ವಾತಾವರಣದಲ್ಲಿ ಶಾಲೆ ನಡೆಸುವುದು, ಗ್ರಂಥಾಲಯ ತೆರೆಯುವುದು ಕೂಡ ಶಂಕೆಗೆ ಎಡೆಯಾಗುತ್ತಿತ್ತು. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಕನ್ನಡವನ್ನು ಕಲಿಸುತ್ತಿದ್ದರೆಂಬ ಮಾತು ಭಾಲ್ಕಿ ಮತ್ತು ಕಮಲನಗರದ ಸೀಮೆಯಲ್ಲಿ ಇಂದಿಗೂ ಪ್ರಚಲಿತವಾಗಿದೆ. ಅಕ್ಷರಾಭ್ಯಾಸವೂ ಮರೆಯಲ್ಲಿ ನಡೆಯಬೇಕಾಗಿ ಬಂದ ಕಾಲದಲ್ಲಿ ರಾಜಕೀಯ ಪಕ್ಷವೊಂದು ಬಹಿರಂಗವಾಗಿ ಬಾಳುವುದು ಎಷ್ಟು ಕಠಿಣವೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು.

೧೯೩೮ರಲ್ಲಿ ಹೈದರಾಬಾದ ಸ್ಟೇಟ್ ಕಾಂಗ್ರೆಸ್ಸನ್ನು ಸ್ಥಾಪಿಸುವ ಪ್ರಯತ್ನ ನಡೆಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಸಂಸ್ಥೆಯು ಕಾರ್ಯಾರಂಭ ಮಾಡುವ ಮೊದಲೇ, ಸರಕಾರವು ಸಾರ್ವಜನಿಕ ಸುರಕ್ಷತಾ ನಿಯಮಾವಳಿಯ ಬಲದಿಂದ ಅದನ್ನು ನಿಷೇಧಿಸಿತು. ಅದೊಂದು ಕೋಮುವಾದಿ ಸಂಸ್ಥೆ, ಅದರಿಂದ ಶಾಂತಿಗೆ ಭಂಗ ಬರುವುದು ಎಂಬುದು ಸರಕಾರದ ವಾದ. ಇಲ್ಲಿ ಗಮನಿಸಬೇಕಾದುದೇನೆಂದರೆ, ಸಂಸ್ಥೆಯು ಇನ್ನೂ ಏನನ್ನೂ ಮಾಡಿರಲಿಲ್ಲ. ಮಾಡಬಹುದಾದುದಕ್ಕೆ ಅದು ಶಿಕ್ಷೆಗೆ ಗುರಿಯಾಯಿತು. ಅಕ್ಟೋಬರಿನಲ್ಲಿ ಸತ್ಯಾಗ್ರಹ ಆರಂಭವಾಯಿತು. ಸ್ವಾಮಿ ರಾಮಾನಂದ ತೀರ್ಥರು ಮೊದಲಾದವರು ಬಂಧನಕ್ಕೊಳಗಾದರು. ನಿಷೇಧವು ತೆರವಾದುದು ೧೯೪೬ರಲ್ಲಿ. ಅದೇ ಅವಧಿಯಲ್ಲಿ, ೧೯೩೮–೩೯ರಲ್ಲಿ, ಆರ್ಯಸಮಾಜವು ಧಾರ್ಮಿಕ ಸ್ವಾತಂತ್ರ್ಯಕ್ಕಾಗಿ ಬೇರೊಂದು ಸತ್ಯಾಗ್ರಹವನ್ನು ನಡೆಸಿತು. ಹೊರ ಪ್ರಾಂತಗಳಿಂದ ಬಂದವರೂ ಸೇರಿ ಎಂಟು ಸಾವಿರಕ್ಕಿಂತ ಹೆಚ್ಚು ಜನರು ಸಂಸ್ಥಾನದ ಸೆರೆಮನೆಗಳನ್ನು ತುಂಬಿದರು.

ಉದಗೀರದ ವಕೀಲರೂ ಆರ್ಯಸಮಾಜದ ಮುಂದಾಳುಗಳೂ ಆಗಿದ್ದ ಶ್ಯಾಮಲಾಲರು ೧೯೩೮ರ ಡಿಸೆಂಬರಿನಲ್ಲಿ ಬೀದರದ ಸೆರೆಮನೆಯಲ್ಲಿ ತೀರಿಕೊಂಡರು. ಸೆರೆಮನೆಯಲ್ಲಿ ನಡೆದ ಹಿಂಸೆ ಮತ್ತು ಅಲಕ್ಷ್ಯವೇ ಇದಕ್ಕೆ ಕಾರಣವೆಂದು ಸಮಾಜವು ದೂರಿತು. ಸೆರೆಯಾಳಿನ ದೇಹವು ರಾಜ್ಯದ ವಶದಲ್ಲಿರುವಾಗ ಆತನ ಸಾವಿಗೆ ಲೆಕ್ಕ ಒಪ್ಪಿಸಬೇಕಾದ ಹೊಣೆ ಯಾರದು ಎಂಬ ಪ್ರಶ್ನೆಯು ನಮ್ಮ ಜಿಲ್ಲೆಯಲ್ಲಿ ಅಂದು ಎದ್ದಿತು. ಸುರಕ್ಷತೆಯ ಕಾನೂನಿನಲ್ಲಿ ಈ ಪ್ರಶ್ನೆಗೆ ಉತ್ತರವಿರಲಿಲ್ಲ. ಅಪಾಯವನ್ನು ತಡೆಯುವುದೆಂದು ಬಂದ ಕಾನೂನು ತಾನೇ ಅಪಾಯವಾಗಬಲ್ಲದೆಂಬ ಭಾವನೆಯನ್ನು ಅದರ ಕರ್ತೃಗಳು ಮಾಡಿರಲಿಲ್ಲ.

೩

೧೯೪೭ರ ಆಗಸ್ಟಿನಲ್ಲಿ ಭಾರತ ಸ್ವತಂತ್ರವಾದರೂ ನಿಜಾಮ ಮೀರ ಉಸ್ಮಾನ ಅಲೀಖಾನನು ಒಕ್ಕೂಟವನ್ನು ಸೇರಲಿಲ್ಲ. ನವೆಂಬರ ೨೯ರಂದು ಯಥಾಸ್ಥಿತಿ ಒಪ್ಪಂದವಾಯಿತು. ೧೯೨೭ರಲ್ಲಿ ಹುಟ್ಟಿದ್ದ ಮಜ್ಲಿಸ್-ಎ-ಇತ್ತೆಹಾದುಲ್ ಮುಸಲ್ಮೀನ ಪಕ್ಷವು ಈ ವೇಳೆಗೆ ಲಾತೂರಿನ ವಕೀಲ ಕಾಸಿಮ ರಜ್ವಿಯ ಹಿಡಿತದಲ್ಲಿತ್ತು. ಆ ಪಕ್ಷದ ಸ್ವಯಂಸೇವಕ ದಳವೇ ರಜಾಕಾರರು.

ರಜಾಕಾರರು ತಮ್ಮನ್ನು ಸಂಸ್ಥಾನದ ರಕ್ಷಕರೆಂದು ಕರೆದುಕೊಂಡರು. ಗಡಿಯ ಆಚೆ ಸ್ಟೇಟ್ ಕಾಂಗ್ರೆಸ್ಸಿನ ಶಿಬಿರಗಳಿದ್ದುದು, ಅಲ್ಲಿಂದ ನಾಕೆಗಳ ಮೇಲೆ ದಾಳಿಗಳಾಗುತ್ತಿದ್ದುದು, ೧೯೪೮ರ ಜನವರಿಯಲ್ಲಿ ಉಮರಿಯ ಬ್ಯಾಂಕಿನ ಹಣವನ್ನು ಹೋರಾಟಗಾರರು ಒಯ್ದುದು, ತೆಲಂಗಾಣದಲ್ಲಿ ಕಮ್ಯುನಿಸ್ಟರ ಸಶಸ್ತ್ರ ಹೋರಾಟ ನಡೆದಿದ್ದುದು, ಇವೆಲ್ಲವೂ ಅವರ ವಾದಕ್ಕೆ ಆಧಾರಗಳಾದವು. ಆದರೆ ಪಕ್ಷದ ದಳವೊಂದಕ್ಕೆ ಶಸ್ತ್ರವನ್ನೂ ಠಾಣೆಯ ಮೌನಸಮ್ಮತಿಯನ್ನೂ ಕೊಟ್ಟಾಗ ಆಗುವುದೇನು ಎಂಬುದನ್ನು ಬೀದರ ಜಿಲ್ಲೆಯ ಗ್ರಾಮಗಳು ಅನುಭವಿಸಿದವು. ಪೊಲೀಸನು ತಪ್ಪು ಮಾಡಿದರೆ ಮೇಲಧಿಕಾರಿಗೆ ದೂರು ಕೊಡುವ ದಾರಿ ತಕ್ಕಮಟ್ಟಿಗಾದರೂ ಉಂಟು. ರಜಾಕಾರನು ಮನೆ ಸುಟ್ಟರೆ ದೂರು ಹೇಳುವುದು ಯಾರಿಗೆ? ಊರಿನ ಪೊಲೀಸ್ ಪಟೇಲನು ಹೆದರಿದ್ದನು. ತಹಶೀಲಿನ ಕಚೇರಿ ಕಿವಿಗೊಡಲಿಲ್ಲ.

ಇಂದಿನ ಬೀದರ ಜಿಲ್ಲೆಯ ಗೋರಟಾ ಗ್ರಾಮದಲ್ಲಿ ೧೯೪೮ರ ಮೇ ತಿಂಗಳಲ್ಲಿ ನಡೆದ ಹತ್ಯಾಕಾಂಡವು ಈ ಸ್ಥಿತಿಯ ಪರಾಕಾಷ್ಠೆ. ಸುಮಾರು ಇನ್ನೂರು ಮಂದಿ ಅಲ್ಲಿ ಹತರಾದರೆಂದು ಜನಜನಿತವಾದ ಲೆಕ್ಕವಿದೆ. ರಜಾಕಾರರನ್ನು ಖಂಡಿಸಿ ಬರೆದವರಲ್ಲಿ ಮುಸಲ್ಮಾನರೂ ಇದ್ದರೆಂಬುದನ್ನು ಮರೆಯಬಾರದು. 'ಇಮ್ರೋಜ್' ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನರು ಅದೇ ವರ್ಷದ ಆಗಸ್ಟಿನಲ್ಲಿ ಹೈದರಾಬಾದಿನಲ್ಲಿ ಕೊಲೆಯಾದರು. ವಿವಾದವು ಕೇವಲ ಎರಡು ಮತಗಳದಾಗಿರಲಿಲ್ಲ. ಕಾನೂನಿಗೆ ಅಧೀನವಾದ ಬಲ ಮತ್ತು ಕಾನೂನಿಗೆ ಅತೀತವಾದ ಬಲ ಇವೆರಡರ ನಡುವಣ ವಿವಾದವೂ ಆಗಿತ್ತು.

೪

೧೯೪೮ರ ಸೆಪ್ಟೆಂಬರ ೧೩ರಂದು ಭಾರತದ ಸೈನ್ಯವು ಸಂಸ್ಥಾನವನ್ನು ಪ್ರವೇಶಿಸಿತು. ೧೭ರ ಮುಂಜಾನೆ ಅದು ಬೀದರವನ್ನು ಸೇರಿತು. ಅಂದೇ ನಿಜಾಮನು ಶರಣಾಗತಿಯನ್ನು ಸಾರಿದನು. ಟ್ಯಾಂಕುಗಳೂ ವಿಮಾನಗಳೂ ಭಾಗವಹಿಸಿದ ಈ ಕಾರ್ಯಾಚರಣೆಗೆ 'ಪೊಲೀಸ್ ಕಾರ್ಯಾಚರಣೆ' ಎಂಬ ಹೆಸರು ಬಂದುದು ಅರ್ಥಪೂರ್ಣ. ಇದು ಎರಡು ದೇಶಗಳ ಯುದ್ಧವಲ್ಲ, ದೇಶದೊಳಗಣ ಶಾಂತಿಪಾಲನೆ ಎಂಬುದನ್ನು ಲೋಕಕ್ಕೆ ತಿಳಿಸಬೇಕಾಗಿತ್ತು. ಏಕೆಂದರೆ ನಿಜಾಮನ ಸರಕಾರವು ಆಗಸ್ಟಿನಲ್ಲಿಯೇ ವಿಶ್ವಸಂಸ್ಥೆಯ ಭದ್ರತಾ ಸಮಿತಿಗೆ ದೂರು ಕೊಟ್ಟಿತ್ತು. ಹೀಗೆ ಸುರಕ್ಷತೆಯ ಪರಿಭಾಷೆಯು ಹೊಸ ಒಡೆಯನ ಕೈಸೇರಿತು. ಜಿಲ್ಲೆಯ ಬಹುಸಂಖ್ಯಾತ ಜನರಿಗೆ ಅದು ನಿಜವಾಗಿಯೂ ಬಿಡುಗಡೆಯಾಗಿತ್ತು. ಬಾಗಿಲು ಹಾಕಿ ಕುಳಿತಿದ್ದ ಊರುಗಳು ಬಾಗಿಲು ತೆರೆದವು.

ಆದರೆ ಅನಂತರದ ವಾರಗಳಲ್ಲಿ ಬೇರೆ ಬಾಗಿಲುಗಳು ಮುರಿದವು. ರಜಾಕಾರರ ಮೇಲಿನ ಸೇಡು ರಜಾಕಾರರಲ್ಲದ ಮುಸಲ್ಮಾನರ ಮೇಲೂ ಎರಗಿತು. ಭಾರತ ಸರಕಾರವೇ ಕಳುಹಿಸಿದ ಪಂಡಿತ ಸುಂದರಲಾಲ, ಕಾಜಿ ಅಬ್ದುಲ್ ಗಫಾರ ಮೊದಲಾದವರ ಸದ್ಭಾವನಾ ಮಂಡಲಿಯು ೧೯೪೮ರ ನವೆಂಬರ ಕೊನೆಯಿಂದ ಡಿಸೆಂಬರ ೨೧ರವರೆಗೆ ಸಂಸ್ಥಾನದ ಹದಿನಾರು ಜಿಲ್ಲೆಗಳಲ್ಲಿ ಒಂಬತ್ತನ್ನು ಸುತ್ತಿತು. ಕಡಿಮೆಯೆಂದರೆ ೨೭,೦೦೦ದಿಂದ ೪೦,೦೦೦ದಷ್ಟು ಜನರು ಕಾರ್ಯಾಚರಣೆಯ ವೇಳೆಯಲ್ಲಿಯೂ ಆ ಬಳಿಕವೂ ಪ್ರಾಣ ಕಳೆದುಕೊಂಡರೆಂದು ಅದು ಅಂದಾಜು ಮಾಡಿತು. ಅತ್ಯಧಿಕ ಹಾನಿಯಾದ ನಾಲ್ಕು ಜಿಲ್ಲೆಗಳೆಂದರೆ ಉಸ್ಮಾನಾಬಾದ, ಗುಲಬರ್ಗಾ, ಬೀದರ ಮತ್ತು ನಾಂದೇಡ; ಈ ನಾಲ್ಕರಲ್ಲಿಯೇ ೧೮,೦೦೦ ಅಥವಾ ಅದಕ್ಕಿಂತ ಹೆಚ್ಚು ಸಾವುಗಳೆಂಬುದು ಅದರ ಲೆಕ್ಕ. ನೆರೆಯವರನ್ನು ಕಾಪಾಡಲು ಮುಂದಾದ ಹಿಂದೂಗಳ ಉದಾಹರಣೆಗಳನ್ನೂ ಅದು ದಾಖಲಿಸಿದೆ.

ಅಂದಿನ ಗೃಹಸಚಿವರಾದ ಸರದಾರ ಪಟೇಲರು ಈ ವರದಿಯ ನಿರ್ಣಯಗಳನ್ನು ಒಪ್ಪಲಿಲ್ಲ. ವರದಿ ಪ್ರಕಟವಾಗಲಿಲ್ಲ, ೨೦೧೩ರ ವೇಳೆಗೆ ದಿಲ್ಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಅದು ಓದುಗರಿಗೆ ದೊರೆಯಿತು. ಅಂಕಿಗಳ ಬಗ್ಗೆ ಚರ್ಚೆ ನಡೆಯಲಿ, ಅಂದಾಜು ಅಂದಾಜೇ. ಆದರೆ ಅರವತ್ತು ವರ್ಷಗಳ ಕಾಲ ಚರ್ಚೆಗೇ ಅವಕಾಶವಿಲ್ಲದಂತಾದುದು, ಅದೂ ಶಾಂತಿಗೆ ಭಂಗ ಬಾರದಿರಲಿ ಎಂಬ ಎಣಿಕೆಯಿಂದ, ವಿಚಾರಾರ್ಹ. ಗೋರಟಾದ ಸತ್ತವರಿಗೆ ಸ್ಮಾರಕವುಂಟು, ಅದು ಇರಬೇಕಾದುದೇ. ಸೆಪ್ಟೆಂಬರದ ಸತ್ತವರಿಗೆ ಮನೆಯ ನೆನಪಲ್ಲದೆ ಬೇರೆ ಸ್ಮಾರಕವಿಲ್ಲ. ಒಂದು ಹತ್ಯೆಯನ್ನು ಹೇಳುವುದರಿಂದ ಇನ್ನೊಂದು ಹತ್ಯೆಗೆ ಸಮರ್ಥನೆ ದೊರೆಯುವುದಿಲ್ಲ, ಇನ್ನೊಂದರ ತೂಕವೂ ಕಡಿಮೆಯಾಗುವುದಿಲ್ಲ. ಇಷ್ಟನ್ನು ವಿದ್ಯಾರ್ಥಿಗಳಿಗೆ ಸ್ಪಷ್ಟಪಡಿಸದೆ ಈ ಕಾಲವನ್ನು ಬೋಧಿಸಲಾಗದು.

೫

ಮೇಜರ್ ಜನರಲ್ ಜೆ. ಎನ್. ಚೌಧುರಿಯವರ ಸೈನ್ಯಾಡಳಿತದಲ್ಲಿ ಸಾವಿರಾರು ಜನರು ರಜಾಕಾರರೆಂದೋ ಅವರ ಸಹಾಯಕರೆಂದೋ ಬಂಧಿತರಾದರು. ತೆಲಂಗಾಣದಲ್ಲಿ ಕಮ್ಯುನಿಸ್ಟರೆಂದು ಇನ್ನೂ ಅನೇಕರು. ಹಿಂದಿನ ದಶಕದಲ್ಲಿ ಸತ್ಯಾಗ್ರಹಿಗಳನ್ನು ಕಂಡಿದ್ದ ಸೆರೆಮನೆಗಳು ಈಗ ಅವರ ವಿರೋಧಿಗಳನ್ನು ಕಂಡವು. ಅಪರಾಧಗಳ ವಿಚಾರಣೆಗೆ ವಿಶೇಷ ನ್ಯಾಯಮಂಡಲಿಗಳು ಏರ್ಪಟ್ಟವು. ಸಾಧಾರಣ ನ್ಯಾಯಾಲಯದಲ್ಲಿ ಆರೋಪಿಗೆ ದೊರೆಯುವ ಪೂರ್ವವಿಚಾರಣೆಯಂಥ ಕೆಲವು ರಕ್ಷಣೆಗಳು ಅಲ್ಲಿ ಇರಲಿಲ್ಲ.

ಕಾಸಿಮ ರಜ್ವಿಗೆ ಬೀಬೀನಗರದ ದರೋಡೆಯ ಮೊಕದ್ದಮೆಯಲ್ಲಿ ಇಂಥ ಮಂಡಲಿಯಿಂದಲೇ ಏಳು ವರ್ಷಗಳ ಕಠಿಣ ಶಿಕ್ಷೆಯಾಯಿತು. ಸಂವಿಧಾನದ ೧೪ನೆಯ ಅನುಚ್ಛೇದದ ಸಮಾನತೆಗೆ ಈ ವಿಚಾರಣೆ ವಿರುದ್ಧವೆಂದು ಆತನು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದನು. ೧೯೫೩ರ ಜನವರಿಯಲ್ಲಿ ಮೂವರು ನ್ಯಾಯಾಧೀಶರು ಶಿಕ್ಷೆಯನ್ನು ಎತ್ತಿಹಿಡಿದರು; ವಿವಿಯನ್ ಬೋಸ್ ಮತ್ತು ಗುಲಾಮ ಹಸನ್ ಎಂಬ ಇಬ್ಬರು ಭಿನ್ನಮತ ಕೊಟ್ಟರು. ಇಡೀ ಸಂಸ್ಥಾನವೇ ಹೆದರಿದ್ದ ವ್ಯಕ್ತಿಗೂ ಸಮಾನ ವಿಚಾರಣೆ ದೊರೆಯಬೇಕೆಂದು ಇಬ್ಬರು ನ್ಯಾಯಾಧೀಶರು ಬರೆದುದು ಸಣ್ಣ ಸಂಗತಿಯಲ್ಲ. ನಿಯಮದ ನಿಜವಾದ ಪರೀಕ್ಷೆ ನಡೆಯುವುದು ನಾವು ಮೆಚ್ಚದ ಮನುಷ್ಯನ ವಿಷಯದಲ್ಲಿಯೇ.

ತೆಲಂಗಾಣದ ಹನ್ನೆರಡು ಮಂದಿ ಮರಣದಂಡಿತರ ಪರವಾಗಿ ವಾದಿಸಲು ಇಂಗ್ಲೆಂಡಿನಿಂದ ಡಿ. ಎನ್. ಪ್ರಿಟ್ ಎಂಬ ನ್ಯಾಯವಾದಿ ಬಂದರು. ತಮ್ಮ ವಿಚಾರಣೆ ಸಂವಿಧಾನಕ್ಕೆ ಮೊದಲೇ ಮುಗಿದಿದ್ದುದರಿಂದ ಆ ಸೆರೆಯಾಳುಗಳಿಗೆ ಸರ್ವೋಚ್ಚ ನ್ಯಾಯಾಲಯದಲ್ಲಿ ಪರಿಹಾರ ದೊರೆಯಲಿಲ್ಲ. ಬಳಿಕ ಅವರ ದಂಡನೆಯು ಜೀವಾವಧಿ ಶಿಕ್ಷೆಯಾಗಿ ಮಾರ್ಪಟ್ಟಿತು. ಈ ಪ್ರಿಟ್ಟರು ಬ್ರಿಟನ್ನಿನಲ್ಲಿಯೂ ಇಂಥದೇ ಪ್ರಶ್ನೆಯನ್ನು ಎತ್ತಿದ್ದವರು. ಎರಡನೆಯ ಮಹಾಯುದ್ಧದಲ್ಲಿ ಅಲ್ಲಿನ ಸರಕಾರವು '೧೮ ಬಿ' ಎಂಬ ನಿಯಮದ ಮೇರೆಗೆ ವಿಚಾರಣೆಯಿಲ್ಲದೆ ಜನರನ್ನು ಬಂಧಿಸಿತು. ಬಂಧಿತನಾದ ಲಿವರ್ಸಿಜ್ ಎಂಬಾತನು ಗೃಹಸಚಿವ ಆಂಡರ್ಸನ್ನರ ಮೇಲೆ ಹೂಡಿದ ಮೊಕದ್ದಮೆಯಲ್ಲಿ ಪ್ರಿಟ್ಟರೇ ವಕೀಲರು. ೧೯೪೧ರಲ್ಲಿ ಪ್ರಭುಸಭೆಯ ನ್ಯಾಯಾಧೀಶರು ಸಚಿವರ ನಂಬಿಕೆಯೇ ಸಾಕೆಂದರು; ಲಾರ್ಡ್ ಅಟ್ಕಿನ್ ಒಬ್ಬರೇ ಕಾರಣವನ್ನು ನ್ಯಾಯಾಲಯ ಪರೀಕ್ಷಿಸಬೇಕೆಂದರು. ಮುಂದೆ ಇಂಗ್ಲೆಂಡಿನ ನ್ಯಾಯಾಧೀಶರೇ ಅಟ್ಕಿನ್ನರ ಮತವು ಸರಿಯೆಂದು ಒಪ್ಪಿದರು. ಲಂಡನ್ನಿನ ಪ್ರಶ್ನೆಯೂ ಹೈದರಾಬಾದಿನ ಪ್ರಶ್ನೆಯೂ ಒಂದೇ ಎಂಬುದು ಇದರಿಂದ ವಿದಿತವಾಗುತ್ತದೆ.

ಇಡೀ ದೇಶಕ್ಕೆ ಅನ್ವಯಿಸುವ ಪ್ರತಿಬಂಧಕ ಸ್ಥಾನಬದ್ಧತಾ ಕಾಯಿದೆಯು ೧೯೫೦ರ ಫೆಬ್ರವರಿಯಲ್ಲಿ ಸಂಸತ್ತಿನಲ್ಲಿ ಅಂಗೀಕೃತವಾಯಿತು. ಬಹುಕಾಲ ಸೆರೆವಾಸ ಅನುಭವಿಸಿದ್ದ ಜನರೇ ವಿಚಾರಣೆಯಿಲ್ಲದ ಬಂಧನಕ್ಕೆ ಕಾನೂನು ಮಾಡಿದರು. ಆದರೂ ೧೯೩೮ರ ನಿಯಮಾವಳಿಗೂ ಇದಕ್ಕೂ ಮುಖ್ಯವಾದ ವ್ಯತ್ಯಾಸವುಂಟು. ಬಂಧನದ ಆಧಾರಗಳನ್ನು ಬಂಧಿತನಿಗೆ ತಿಳಿಸಬೇಕು, ಮೂರು ತಿಂಗಳನ್ನು ಮೀರಿದ ಬಂಧನಕ್ಕೆ ಸಾಮಾನ್ಯವಾಗಿ ಸಲಹಾ ಮಂಡಲಿಯ ಅಭಿಪ್ರಾಯ ಬೇಕು ಎಂದು ಸಂವಿಧಾನದ ೨೨ನೆಯ ಅನುಚ್ಛೇದ ವಿಧಿಸಿತ್ತು. ಆಧಾರಗಳನ್ನು ನ್ಯಾಯಾಲಯಕ್ಕೂ ತೋರಿಸಬಾರದೆಂಬ ೧೪ನೆಯ ಕಲಮನ್ನು ಸರ್ವೋಚ್ಚ ನ್ಯಾಯಾಲಯವು ಗೋಪಾಲನ್ ಮೊಕದ್ದಮೆಯಲ್ಲಿ ಅದೇ ವರ್ಷ ತಳ್ಳಿಹಾಕಿತು. ತಾತ್ಕಾಲಿಕವೆಂದು ಬಂದ ಈ ಕಾಯಿದೆ ಮತ್ತೆ ಮತ್ತೆ ಮುಂದುವರಿದು ೧೯೬೯ರ ಕೊನೆಯವರೆಗೆ ಬಾಳಿತು.

೬

೧೯೫೨ರ ಚುನಾವಣೆಯಲ್ಲಿ ಈ ವಿವಾದವು ಮತದಾರರ ಮುಂದೆ ಬಂದಿತು. ಹೈದರಾಬಾದ ವಿಧಾನಸಭೆಯ ೧೭೫ ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ೯೩, ಕಮ್ಯುನಿಸ್ಟರೂ ಅವರ ಮಿತ್ರರೂ ಕೂಡಿದ ಪೀಪಲ್ಸ್ ಡೆಮೊಕ್ರಾಟಿಕ್ ಫ್ರಂಟಿಗೆ ೪೨, ಸಮಾಜವಾದಿಗಳಿಗೆ ೧೧ ದೊರೆತವು. ಬೂರ್ಗುಲ ರಾಮಕೃಷ್ಣರಾಯರು ಮುಖ್ಯಮಂತ್ರಿಗಳಾದರು; ದಿಗಂಬರರಾವ ಬಿಂದು ಗೃಹಖಾತೆಯನ್ನು ವಹಿಸಿಕೊಂಡರು; ವಿ. ಡಿ. ದೇಶಪಾಂಡೆ ವಿರೋಧಪಕ್ಷದ ನಾಯಕರಾದರು. ಹಿಂದೆ ಸೆರೆಯಲ್ಲಿದ್ದವರು ಸರಕಾರದ ಆಸನದಲ್ಲಿ, ಆಗಷ್ಟೇ ಸೆರೆಯಿಂದಲೋ ಅಜ್ಞಾತವಾಸದಿಂದಲೋ ಬಂದವರು ಎದುರಿನ ಆಸನದಲ್ಲಿ! ಬಂಧಿತರ ಬಿಡುಗಡೆಯು ವಿರೋಧಪಕ್ಷದ ಬೇಡಿಕೆ. ಶಾಂತಿಸ್ಥಾಪನೆ ಸರಕಾರದ ಉತ್ತರ. ಆದರೆ ಈಗ ಬೇಡಿಕೆಯೂ ಉತ್ತರವೂ ಬಹಿರಂಗವಾಗಿ ಸಭೆಯಲ್ಲಿ ನಡೆಯುತ್ತಿದ್ದವು. ೧೯೩೮ರಲ್ಲಿ ಇಲ್ಲದಿದ್ದುದು ಇದೇ.

ಇನ್ನೂ ಒಂದು ಸಂಗತಿಯನ್ನು ನಮ್ಮ ಜಿಲ್ಲೆಯವರು ನೆನಪಿಡಬೇಕು. ಹತ್ಯೆ, ಪ್ರತಿಹತ್ಯೆಗಳು ನಡೆದು ನಾಲ್ಕು ವರ್ಷವೂ ತುಂಬದಿರುವಾಗ, ಪ್ರಥಮ ಲೋಕಸಭೆಗೆ ಬೀದರ ಕ್ಷೇತ್ರದಿಂದ ಆಯ್ಕೆಯಾದವರು ಕಾಂಗ್ರೆಸ್ಸಿನ ಶೌಕತುಲ್ಲಾ ಶಾ ಅನ್ಸಾರಿಯವರು. ಮತಪೆಟ್ಟಿಗೆಯಲ್ಲಿ ಸೇಡಿಗಿಂತ ಬೇರೆಯದಾದ ಒಂದು ಇಚ್ಛೆಯೂ ಇತ್ತೆಂದು ನಾವು ಇದರಿಂದ ತಿಳಿಯಬಹುದು.

ಪಕ್ಷಗಳ ವಾದವು ಬಹಿರಂಗವಾದ ಮಾತ್ರಕ್ಕೆ ಅದು ವಿವೇಕದಿಂದ ಕೂಡಿರುತ್ತದೆಂದು ತಿಳಿಯಲಾಗದು. ಬ್ರಿಟನ್ನಿನ ಉದಾಹರಣೆ ಇಲ್ಲಿ ಬೋಧಪ್ರದ. ಅಲ್ಲಿ ಸೆರೆಮನೆಯ ವಿಷಯವು ಬಹುಕಾಲ ಚುನಾವಣೆಯ ಮುಖ್ಯ ವಸ್ತುವಾಗಿರಲಿಲ್ಲ. ೧೯೭೯ರಲ್ಲಿ ಕನ್ಸರ್ವೇಟಿವ್ ಪಕ್ಷವು ಶಾಂತಿ ಮತ್ತು ಶಿಸ್ತಿನ ಪಕ್ಷವೆಂದು ಮತ ಕೇಳಿತು. ೧೯೯೩ರಲ್ಲಿ ಲೇಬರ್ ಪಕ್ಷದ ಟೋನಿ ಬ್ಲೇರರು ಅಪರಾಧದ ಬಗೆಗೂ ಅದರ ಮೂಲಕಾರಣಗಳ ಬಗೆಗೂ ಕಠಿಣರಾಗುವೆವೆಂದು ಘೋಷಿಸಿದರು. ಅದೇ ವರ್ಷ ಗೃಹಸಚಿವ ಮೈಕಲ್ ಹೋವರ್ಡರು ಸೆರೆಮನೆಯೇ ಫಲಕಾರಿ ಉಪಾಯವೆಂದು ಸಾರಿದರು. ಆಗ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು ೪೫,೦೦೦ ಇದ್ದ ಸೆರೆಯಾಳುಗಳ ಸಂಖ್ಯೆ ೨೦೧೧ರ ವೇಳೆಗೆ ೮೫,೦೦೦ವನ್ನು ದಾಟಿತು. ಅಪಾಯಕಾರಿಗಳೆಂಬ ಅಂದಾಜಿನ ಮೇಲೆ ಅವಧಿಯಿಲ್ಲದೆ ಬಂಧಿಸುವ ಶಿಕ್ಷೆಯೊಂದನ್ನು ೨೦೦೩ರ ಕಾಯಿದೆಯು ತಂದಿತು. ೨೦೧೨ರಲ್ಲಿ ಅದನ್ನು ರದ್ದುಪಡಿಸಬೇಕಾಯಿತು. ೨೦೨೪ರಲ್ಲಿ ಸ್ಥಳವಿಲ್ಲದೆ ಅನೇಕ ಕೈದಿಗಳನ್ನು ಶಿಕ್ಷೆಯ ಶೇಕಡಾ ೪೦ರಷ್ಟು ಮುಗಿದೊಡನೆ ಬಿಡುಗಡೆ ಮಾಡಬೇಕಾಯಿತು. ಒಬ್ಬರಿಗಿಂತ ಒಬ್ಬರು ಹೆಚ್ಚು ಕೂಗಿದ ಸವಾಲಿನ ಹಣವನ್ನು ಕೊನೆಗೆ ತೆರಬೇಕಾದುದು ಸೆರೆಮನೆಯೇ.

ಅಲ್ಲಿನ ವಾದವು ಮುಖ್ಯವಾಗಿ ಅಪರಾಧ ಸಿದ್ಧವಾದವನು ಎಷ್ಟು ವರ್ಷ ಒಳಗಿರಬೇಕೆಂಬುದು. ನಮ್ಮಲ್ಲಿ ಪ್ರಶ್ನೆಯು ಅದಕ್ಕಿಂತ ಹಿಂದಿನದು: ಅಪರಾಧ ಸಿದ್ಧವಾಗುವ ಮೊದಲೇ ಎಷ್ಟು ಕಾಲ ಒಳಗಿಡಬಹುದು? ಇತ್ತೀಚಿನ ವರ್ಷಗಳಲ್ಲಿಯೂ ಭಾರತದ ಸೆರೆಯಾಳುಗಳಲ್ಲಿ ಸುಮಾರು ಮುಕ್ಕಾಲು ಪಾಲು ವಿಚಾರಣಾಧೀನರು ಎಂಬುದನ್ನು ಗಮನಿಸಿದರೆ ಈ ಪ್ರಶ್ನೆಯು ಹಳತಾಗಿಲ್ಲವೆಂಬುದು ಸ್ಪಷ್ಟವಾಗುತ್ತದೆ.

೭

ಪ್ರತಿವರ್ಷ ಸೆಪ್ಟೆಂಬರ ೧೭ರಂದು ಬೀದರ, ಭಾಲ್ಕಿ, ಔರಾದಗಳಲ್ಲಿ ಧ್ವಜಾರೋಹಣ ನಡೆಯುತ್ತದೆ. ಆ ದಿನದ ಹೆಸರೇ ಪಕ್ಷಗಳ ನಡುವೆ ಚರ್ಚೆಗೆ ವಸ್ತುವಾಗಿದೆ. ನಮ್ಮಲ್ಲಿ ವಿಮೋಚನಾ ದಿನವೆಂದಿದ್ದುದು ೨೦೧೯ರಲ್ಲಿ ಕಲ್ಯಾಣ ಕರ್ನಾಟಕ ಉತ್ಸವ ದಿನವಾಯಿತು; ನೆರೆಯ ತೆಲಂಗಾಣದಲ್ಲಿ ೨೦೨೨ರಲ್ಲಿ ಕೇಂದ್ರವು ವಿಮೋಚನೆಯೆಂದೂ ಅಂದಿನ ರಾಜ್ಯ ಸರಕಾರವು ಏಕತೆಯೆಂದೂ ಬೇರೆಬೇರೆಯಾಗಿ ಆಚರಿಸಿದವು. ಹೆಸರಿನ ವಾದದಲ್ಲಿ ನಾವು ಪಕ್ಷವಹಿಸಬೇಕಾಗಿಲ್ಲ. ಆದರೆ ಸುರಕ್ಷತೆಯ ಹೆಸರಿನಲ್ಲಿ ಯಾವ ಪಕ್ಷವು ಯಾವ ಅಧಿಕಾರವನ್ನು ಕೇಳಿದರೂ ಮೂರು ಪ್ರಶ್ನೆಗಳನ್ನು ಹಾಕುವ ಅಭ್ಯಾಸವನ್ನು ನಮ್ಮ ವಿದ್ಯಾರ್ಥಿಗಳು ಬೆಳೆಸಿಕೊಳ್ಳಬೇಕು. ಅಪಾಯವೆಂಬುದಕ್ಕೆ ಆಧಾರವೇನು, ಅದನ್ನು ಬಂಧಿತನಿಗೆ ಹೇಳಲಾಗಿದೆಯೆ? ಆ ಆಧಾರವನ್ನು ಸರಕಾರದ ಹೊರಗಿನವರೊಬ್ಬರು ಪರೀಕ್ಷಿಸುವರೆ? ಈ ಅಧಿಕಾರಕ್ಕೆ ಕೊನೆಯ ದಿನ ಯಾವುದು?

ಈ ಮೂರು ಪ್ರಶ್ನೆಗಳನ್ನು ೧೯೩೮ರಲ್ಲಿ ಕೇಳಿದ್ದರೆ ನಿಜಾಮನ ನಿಯಮಾವಳಿ ನಿಲ್ಲುತ್ತಿರಲಿಲ್ಲ. ೧೯೪೮ರ ಬೇಸಿಗೆಯಲ್ಲಿ ಕೇಳಿದ್ದರೆ ರಜಾಕಾರರ ಬಂದೂಕು ನಿಲ್ಲುತ್ತಿರಲಿಲ್ಲ. ಅದೇ ವರ್ಷದ ಶರತ್ಕಾಲದಲ್ಲಿ ಕೇಳಿದ್ದರೆ ಅನೇಕ ನಿರಪರಾಧಿಗಳ ಮನೆಗಳು ಉಳಿಯುತ್ತಿದ್ದವು. ಇಂದು ಅಧಿಕಾರದಲ್ಲಿರುವವನು ನಾಳೆ ಸೆರೆಯಾಳಾಗಬಹುದೆಂಬುದನ್ನು ನಮ್ಮ ಜಿಲ್ಲೆಯು ಹದಿನಾಲ್ಕೇ ವರ್ಷಗಳಲ್ಲಿ ಕಂಡಿದೆ. ಆದುದರಿಂದ ತರಗತಿಯಲ್ಲಿ ತಲೆ ತಗ್ಗಿಸುವ ವಿದ್ಯಾರ್ಥಿಯೂ ಕಿಟಕಿಯ ಕಡೆ ನೋಡುವ ವಿದ್ಯಾರ್ಥಿಯೂ ಈ ಮೂರು ಪ್ರಶ್ನೆಗಳನ್ನು ಕೂಡಿಯೇ ಕಲಿಯಬೇಕು. ಇಬ್ಬರ ಹಿರಿಯರಿಗೂ ಒಂದಲ್ಲ ಒಂದು ಕಾಲದಲ್ಲಿ ಅವುಗಳ ಅಗತ್ಯವಿತ್ತು.